ಎಳೆ ಸೇರಿಸುವುದು

ಕಾರ್ತಿಕದ ಚಳಿ. ಬೆಳಗಿನ ಜಾವ ನಾಲ್ಕು.
ಶಿಡ್ಲಘಟ್ಟದ ಕೋಟೆಯ ಹಿಂದೆ, ಮೌಲಾ ಸಾಬರ ಶೆಡ್ಡಿನಲ್ಲಿ
ಒಲೆ ಹತ್ತಿದೆ. ನೀರು ಮರಳುವ ತನಕ
ಹೊರಗೆ ನಿಲ್ಲುತ್ತೇನೆ.
ತಗಡಿನ ಮೇಲೆ, ಹೊಗೆ ಬಿಟ್ಟುಕೊಟ್ಟ ಜಾಗದಲ್ಲಿ,
ನೆತ್ತಿಗೆ ಒಂಚೂರು ಬಡಗಲಾಗಿ
ಪುನರ್ವಸುವಿನ ಜೋಡಿ.
ಒಂದಕ್ಕೆ ಅರಿಸಿನದ ಕೈ ತಾಗಿದಂತಿದೆ.
ನಾನು ಹೇಳುತ್ತಿರುವುದು ಇನ್ನೊಂದರ ಮಾತು,
ಬೆಳ್ಳಗಿರುವುದರದ್ದು.

ಹತ್ತನೇ ಕ್ಲಾಸಿನಲ್ಲಿ ಅದನ್ನು ತೋರಿಸಿದವರು
ಪಿಳ್ಳಾರೆಡ್ಡಿ ಮೇಷ್ಟ್ರು.
ಪಿ.ಎಫ್. ಸಾಲದಲ್ಲಿ ತಂದ ದುರ್ಬೀನು,
ಮೂರು ಕಾಲಿನಲ್ಲಿ ಒಂದಕ್ಕೆ ಸೈಕಲ್ ಟ್ಯೂಬು ಸುತ್ತಿತ್ತು.
"ಉಸಿರು ಬಿಗಿ ಹಿಡಿ. ಎಷ್ಟು ಕಾಣುತ್ತೆ?"
ಒಂದು, ಅಂದೆ.
ಗಾಳಿ ನಿಂತಿತು. ಎರಡು.
ಅಕ್ಕಿಕಾಳು ಸೀಳಿದ ಹಾಗೆ, ಎರಡೂ ಬಿಳಿ.

ಆ ಎರಡರಲ್ಲಿ ಒಂದೊಂದೂ ಮತ್ತೆ ಎರಡಂತೆ.
ಆಚೆ ಕೆಂಪಗೆ ಮಂಕಾದ ಇನ್ನೊಂದು ಜೊತೆ,
ಒಂದು ದಿನ ತುಂಬುವ ಮೊದಲೇ
ಒಂದನ್ನೊಂದು ಸುತ್ತಿ ಮುಗಿಸುವಂಥವು.
ಒಟ್ಟು ಆರು.
'ಮುಖ್ಯ ಶ್ರೇಣಿಯ ನಕ್ಷತ್ರ' ಅಂತ ಬೋರ್ಡಿನ ಮೇಲೆ ಬರೆದು
ನಮ್ಮ ಮುಖ ನೋಡಿ ಅಂದರು:
ದುಡಿಯುವ ವಯಸ್ಸಿನದು ಕಣ್ರೇ.
ಹುಟ್ಟಿದ ಗಲಾಟೆ ಮುಗಿದಿದೆ, ಸಾಯುವ ಗಲಾಟೆ ಬಂದಿಲ್ಲ,
ಹೊಟ್ಟೆಯಲ್ಲಿ ಇರುವುದನ್ನು ಸಮನಾಗಿ ಉರಿಸುತ್ತಾ ಕೂತಿದೆ.

ನೀರು ಮರಳಿತು. ಗೂಡು ಸುರಿದೆ.
ಪೊರಕೆಯಿಂದ ತಟ್ಟಿ ತಟ್ಟಿ ತುದಿ ಹುಡುಕಬೇಕು.
ಎಂಟು ಗೂಡು ಬಿಸಿನೀರಿನಲ್ಲಿ ಕುಣಿಯುತ್ತಾ
ಎಂಟು ಎಳೆ ಬಿಟ್ಟುಕೊಟ್ಟರೆ
ರಾಟೆಗೆ ಏರುವುದು ಒಂದು ನೂಲು.
ಕೊಳ್ಳುವವನು ಬೆಳಕಿಗೆ ಹಿಡಿದು
ಆ ಒಂದನ್ನೇ ನೋಡುತ್ತಾನೆ.
ನಡುವೆ ಒಂದು ಗೂಡು ಬರಿದಾದರೆ ನೂಲು ಸಣ್ಣಗಾಗುತ್ತದೆ.
ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗಬೇಕು.
ಹೊಸ ತುದಿ ಎಸೆದರೆ ಸಾಕು, ತಾನೇ ಹಿಡಿದುಕೊಳ್ಳುತ್ತೆ.
ಗಂಟು ಹಾಕುವಂತಿಲ್ಲ.

ಪಕ್ಕದ ಬೇಸಿನ್ನಿನಲ್ಲಿ ಜುಲೇಖಾ ಬೀ.
ಅವಳ ಅಂಗೈ ಬೆಂದು ಬೆಂದು ಬಿಳುಚಿ
ಗೆರೆಯೇ ಉಳಿದಿಲ್ಲ.
ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಿಷನ್ನು
ಮೂರು ಸಲ ವಾಪಸ್ಸು ಕಳಿಸಿದೆ, ನೀನು ನೀನಲ್ಲ ಅಂತ.
ಮೊದಲ ಸಲ ಈ ನೀರಿಗೆ ಕೈ ಇಟ್ಟಾಗ ಒಂಬತ್ತು ವರ್ಷ.
ಈಗ ಅರವತ್ತು ಅನ್ನುತ್ತಾಳೆ. ಲೆಕ್ಕ ಹಾಕಿದೆ:
ಆ ವರ್ಷ ಅಲ್ಲಿಂದ ಹೊರಟ ಬೆಳಕು
ಈಗ ನಮ್ಮ ತಗಡಿನ ತೂತಿಗೆ ಬಂದು ಮುಟ್ಟಿದೆ.
ಹೇಳಿದರೆ ನಕ್ಕಳು. ಸೆರಗಿಗೆ ಕೈ ಒರೆಸಿ
ಹೊರಗೆ ಬಂದು ಕತ್ತೆತ್ತಿದಳು.
"ಏಕೀಚ್ ಹೈ ನಾ! ಒಂದೇ ಅಲ್ವೇನೆ, ಆರು ಎಲ್ಲಿ?"

ನಾನೂ ಕೇಳಿದ್ದೆ ಮೇಷ್ಟ್ರನ್ನು:
ದುರ್ಬೀನಿಗೂ ಕಾಣದ್ದನ್ನು ಹೇಗೆ ಎಣಿಸಿದರು?
ಬಿಳಿಯದು ತೂಗುತ್ತೆ, ಅಂದಿದ್ದರು.
ಒಂಬತ್ತು ದಿನಕ್ಕೊಮ್ಮೆ ಅತ್ತ, ಇತ್ತ.
ಇತ್ತ ಬರುವಾಗ ಬೆಳಕು ನೀಲಿಗೆ ಸರಿಯುತ್ತೆ,
ಅತ್ತ ಹೋಗುವಾಗ ಕೆಂಪಿಗೆ, ಕೂದಲೆಳೆಯಷ್ಟು.
ಸುಮ್ಮನೆ ಯಾರೂ ಹಾಗೆ ತೂಗುವುದಿಲ್ಲ.

ಜುಲೇಖಾ ಬೀ ಎಡಕ್ಕೆ ವಾಲಿ ಕೂರುತ್ತಾಳೆ.
ಸೊಂಟದ ನೋವು ಅಂದುಕೊಂಡಿದ್ದೆ ಎರಡು ವರ್ಷ.
ಎಡಕ್ಕೆ ಒಂದು ಸ್ಟೂಲು, ಅದರ ಮೇಲೆ ಮಡಿಸಿದ ಗೋಣಿ.
ಸಾಬರು ಹೊಸಬಳನ್ನು ಕರೆತಂದ ದಿನ
ಇವಳೇ ಎದ್ದು ಹೋಗಿ
ಬೇರೆಲ್ಲಿಂದಲೋ ಇನ್ನೊಂದು ಸ್ಟೂಲು ತಂದಳು.
ಅಲ್ಲಿ ತಂಗಿ ಕೂರುತ್ತಿದ್ದಳು, ಬಿಲ್ಕೀಸ್, ಅಂತ ಹೇಳಿದ್ದು
ಇವಳಲ್ಲ. ಒಲೆಗೆ ಹೊಟ್ಟು ಹಾಕುವ ಮುನಿಶಾಮಿ,
ಸತ್ತ ಹುಳು ಚೀಲಕ್ಕೆ ತುಂಬುತ್ತಾ,
ನಾನು ಕೇಳದೆಯೇ.

ಇವತ್ತಿನ ಲಾಟು ಪರವಾಗಿಲ್ಲ,
ರಾಮನಗರದ ಮಾಲಿನಷ್ಟು ತುಂಡಾಗುತ್ತಿಲ್ಲ.
ಆದರೂ ಆಗೊಮ್ಮೆ ಈಗೊಮ್ಮೆ ತುದಿ ತಪ್ಪುತ್ತದೆ.
ಆಗ ಜುಲೇಖಾಳ ಎಡಗೈ, ನೋಡದೆ,
ಎಡಕ್ಕೆ ಚಾಚಿಕೊಳ್ಳುತ್ತದೆ, ಪೊರಕೆಗೆ.
ಪೊರಕೆ ಇರುವುದು ಬಲಕ್ಕೆ, ನನ್ನ ಹತ್ತಿರ.
ಕೊಡುತ್ತೇನೆ.
ಒಂದು ಗಳಿಗೆ ತಡೆದು ಕೊಡುತ್ತೇನೆ.